ಸುಳ್ಳು ವಿಳಾಸಕ್ಕೊಂದು ಕಾವಲು

ಊರಿಗೆ ಹಣ ಕಳಿಸುವ ನಮ್ಮ ಆಂಡ್ರಾಯ್ಡ್ ಫೋನಿನೊಳಗೆ ಲಿನಕ್ಸ್ ಕರ್ನಲ್ ಎಂಬ ಯಜಮಾನನಿದ್ದಾನೆ. ಏನಾದರೂ ಓದಬೇಕು, ಬರೆಯಬೇಕು ಎಂದಾಗ ಪ್ರೋಗ್ರಾಮುಗಳು ತಮ್ಮ ಪಾಲಿನ ಸ್ಮೃತಿಕೋಶದ ಒಂದು ವಿಳಾಸವನ್ನು ಅವನಿಗೆ ಕೊಡುತ್ತವೆ. ಆ ವಿಳಾಸ ಸುಳ್ಳಾಗಿದ್ದರೆ? ಯಜಮಾನನ ಸ್ವಂತ ಖಜಾನೆಯದೇ ಆಗಿದ್ದರೆ?

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಮೊದಮೊದಲು ಪ್ರತಿ ವಿಳಾಸವನ್ನೂ ಮುಂಚಿತವಾಗಿ ಪರೀಕ್ಷಿಸುತ್ತಿತ್ತು. ಅಂದಿನ ಇಂಟೆಲ್ 80386 ಚಿಪ್ಪು, ಕರ್ನಲ್ ಬರೆಯಹೊರಟರೆ ‘ಓದಲು ಮಾತ್ರ’ ಎಂಬ ನಿಷೇಧವನ್ನು ಲೆಕ್ಕಿಸುತ್ತಲೇ ಇರಲಿಲ್ಲ. 1989ರ 80486 ಆ ಕೊರತೆಯನ್ನು ನೀಗಿತು.

ಒಬ್ಬ ಕಳ್ಳನಿಗಾಗಿ ನೂರು ಸಾಧುಗಳನ್ನು ತಡೆದು ನಿಲ್ಲಿಸುವುದು ದುಬಾರಿಯಲ್ಲವೇ? 1996ರಲ್ಲಿ ಮೊದಲಾದ 2.1 ಸರಣಿಯಲ್ಲಿ ಕ್ರಮ ಬದಲಾಯಿತು. ವಿಳಾಸ ಖಜಾನೆಯ ಗಡಿ ದಾಟಿಲ್ಲವೆಂಬುದನ್ನಷ್ಟೇ ನೋಡಿ ನೇರವಾಗಿ ನಕಲು ಮಾಡುವುದು. ಎಡವಿದರೆ ಎಲ್ಲಿಗೆ ಮರಳಬೇಕೆಂಬ ಪಟ್ಟಿಯನ್ನು ಮೊದಲೇ ಸಿದ್ಧವಾಗಿಡುವುದು. ಸುಳ್ಳು ವಿಳಾಸ ಕೊಟ್ಟವನಿಗೆ ‘ವಿಳಾಸ ಸರಿಯಿಲ್ಲ’ ಎಂಬ ಉತ್ತರ, ಯಂತ್ರಕ್ಕೆ ಅಪಾಯವಿಲ್ಲ.

ಆದರೂ ಕರ್ನಲ್ಲನ್ನೇ ಮೋಸಗೊಳಿಸಿ, ಕಳ್ಳ ಪ್ರೋಗ್ರಾಮು ಹೂತಿಟ್ಟ ಮಾಹಿತಿಯನ್ನು ಅದರಿಂದ ಓದಿಸುವ ದಾಳಿಗಳು ನಿಲ್ಲಲಿಲ್ಲ. 2014ರ ಇಂಟೆಲ್ ಬ್ರಾಡ್‌ವೆಲ್ ಚಿಪ್ಪುಗಳು ಯಜಮಾನನಿಗೂ ಬೀಗ ಹಾಕಿದವು: ನಕಲಿನ ಕ್ಷಣದಲ್ಲಿ ತಾನಾಗಿ ಬಾಗಿಲು ತೆರೆಯದ ಹೊರತು ಪ್ರೋಗ್ರಾಮುಗಳ ಸ್ಮೃತಿಯನ್ನು ಕರ್ನಲ್ಲೂ ಮುಟ್ಟುವಂತಿಲ್ಲ. ಅಧಿಕಾರ ಹೆಚ್ಚಿದ್ದಲ್ಲಿ ಅಂಕೆಯೂ ಹೆಚ್ಚಿರಬೇಕೆಂಬುದನ್ನು ಯಂತ್ರವೂ ಕಲಿತಿದೆ.