ಆಕ್ಸಿಜನ್ ಜಾಸ್ತಿಯಾದ್ರೂ ಅಪಾಯನೇ!

ಆಕ್ಸಿಜನ್ ಅಂದ ತಕ್ಷಣ ನಮಗೆ 2021ರ ಸಿಲಿಂಡರ್ ಅಲೆದಾಟ ನೆನಪಾಗುತ್ತೆ. ಇವತ್ತಿನ ಕಥೆ ಉಲ್ಟಾ: ಆಕ್ಸಿಜನ್ ಜಾಸ್ತಿಯಾಗಿದ್ದರ ಕಥೆ.

1942ರಲ್ಲಿ ಬಾಸ್ಟನ್‌ನ ಕಣ್ಣಿನ ಡಾಕ್ಟರ್ ಥಿಯೋಡೋರ್ ಟೆರ್ರಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಹೊಸ ಬಗೆಯ ಕುರುಡುತನ ಗುರುತಿಸಿದರು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಅವರ ಅನುಮಾನ ಬಿದ್ದಿದ್ದು, ಇನ್‌ಕ್ಯುಬೇಟರ್‌ಗೆ ಧಾರಾಳವಾಗಿ ಬಿಡ್ತಿದ್ದ ಆಕ್ಸಿಜನ್ ಮೇಲೆ. ಅಮೆರಿಕದ ಪ್ರಯೋಗವೂ ಅದನ್ನೇ ಹೇಳಿತು. ಸರಿ, ಎಲ್ಲೆಡೆ ಆಕ್ಸಿಜನ್ ಬಿಗಿಹಿಡಿದರು. ಕುರುಡುತನ ಇಳಿಯಿತು, ಆದರೆ ಉಸಿರು ಸಾಲದೆ ಶಿಶುಗಳ ಸಾವು ಹೆಚ್ಚಿತು ಅನ್ನೋದು ನಂತರದ ಲೆಕ್ಕಾಚಾರ.

ಬೇಕಾಗಿದ್ದು ಅಳತೆ. ಅದಕ್ಕೇ ಬ್ಲೆಂಡರ್. ಒಂದು ಪೈಪಲ್ಲಿ ಗಾಳಿ, ಇನ್ನೊಂದರಲ್ಲಿ ಆಕ್ಸಿಜನ್. ಒಳಗೆ ಎರಡರ ಒತ್ತಡ ಸಮ ಆಗುತ್ತೆ, ಆಮೇಲೆ ವಾಲ್ವ್ ಶೇ. 21ರಿಂದ 100ರವರೆಗೆ ಬೇಕಾದಷ್ಟು ಬೆರೆಸುತ್ತೆ. ಒಂದು ಕಡೆ ಒತ್ತಡ ತೀರಾ ಬಿದ್ದರೆ ಶಿಳ್ಳೆ ಹೊಡೆಯುತ್ತೆ. ಬರೀ ಡಯಲ್ ನಂಬೋ ಹಾಗಿಲ್ಲ. ಅನಲೈಸರ್‌ನಲ್ಲಿ ಮಿಶ್ರಣ, ಪಲ್ಸ್ ಆಕ್ಸಿಮೀಟರ್‌ನಲ್ಲಿ ಮಗುವಿನ ರಕ್ತದ ಆಕ್ಸಿಜನ್ ನೋಡ್ತಾನೇ ಇರಬೇಕು.

ನಮ್ಮಲ್ಲಿ? 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 'ಕಿಡ್‌ರಾಪ್' ಶುರುವಾಯಿತು. ಟೆಕ್ನಿಷಿಯನ್‌ಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೆ ಹೋಗಿ ಶಿಶುಗಳ ರೆಟಿನಾ ಫೋಟೊ ತೆಗೀತಾರೆ. ತಜ್ಞರು ದೂರದಿಂದಲೇ ನೋಡ್ತಾರೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕೇಳುಗರೇ, ಮನೇಲಿ 34 ವಾರಕ್ಕೆ ಮುಂಚೆ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗು ಹುಟ್ಟಿದ್ರೆ, 30 ದಿನದೊಳಗೆ ರೆಟಿನಾ ಪರೀಕ್ಷೆ ಮಾಡಿಸಿ. ತೀರಾ ಚಿಕ್ಕ ಮಗುವಾದ್ರೆ ಇನ್ನೂ ಬೇಗ. ಸಮಯಕ್ಕೆ ಲೇಸರ್ ಆದ್ರೆ ದೃಷ್ಟಿ ಉಳಿಸಬಹುದು.