ತುಂಗೆಯ ಮೇಲೊಂದು ತೆಪ್ಪ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆ ಮೂರು ದಿನದ್ದು. ಮೊದಲ ದಿನ ತುಂಗೆಯ ಬಂಡೆಗಳ ನಡುವಣ ರಾಮಕುಂಡದಲ್ಲಿ ತೀರ್ಥಸ್ನಾನ, ಮರುದಿನ ರಾಮೇಶ್ವರನ ರಥೋತ್ಸವ, ಮೂರನೆಯ ದಿನದ ಇರುಳು ತೆಪ್ಪೋತ್ಸವ. ತಾಯಿಯನ್ನು ಕಡಿದ ಕೊಡಲಿಯ ರಕ್ತದ ಕಲೆ ಬೇರೆಲ್ಲಿಯೂ ಹೋಗದೆ ಈ ನೀರಿನಲ್ಲಿ ಕಳೆಯಿತೆಂಬ ಪರಶುರಾಮನ ಕಥೆಯನ್ನು ಸ್ಥಳಪುರಾಣ ಹೇಳುತ್ತದೆ. ಸ್ನಾನದ ಕಥೆ ಹೀಗೆ ಪುರಾಣದಲ್ಲಿದೆ. ತೆಪ್ಪದ ಕಥೆಯನ್ನು ನಾನು ಕೇಳಿದ್ದು ಅಜ್ಜನ ಬಾಯಲ್ಲಿ.

ತೆಪ್ಪೋತ್ಸವವು ದಕ್ಷಿಣದೇಶದಲ್ಲಿ ಬಹುಮಟ್ಟಿಗೆ ಕೆರೆ ಪುಷ್ಕರಿಣಿಗಳ ಉತ್ಸವ. ಮಧುರೆಯ ದೊಡ್ಡ ತೆಪ್ಪಕುಳ ತಿರುಮಲ ನಾಯಕನ ಕಾಲದ್ದು, 17ನೆಯ ಶತಮಾನದ್ದು. ಹಂಪೆಯ ವಿರೂಪಾಕ್ಷನಿಗೆ ಮನ್ಮಥ ಹೊಂಡವಿದೆ. ಸುತ್ತ ಮೆಟ್ಟಿಲು ಕಟ್ಟಿಸಿಕೊಂಡ ನಿಂತ ನೀರು ಮನುಷ್ಯನ ಮಾತು ಕೇಳುತ್ತದೆ, ಹೊಳೆ ಕೇಳುವುದಿಲ್ಲ. ಶೃಂಗೇರಿಯ ಕಡೆಯ ಮಳೆಯನ್ನೆಲ್ಲ ಹೊತ್ತು ಆಷಾಢದಲ್ಲಿ ಕೆಂಪಗೆ ನುಗ್ಗುವ ತುಂಗೆಯ ಮೇಲೆ ದೇವರನ್ನು ತೇಲಿಸುವ ಧೈರ್ಯ ಯಾರಿಗುಂಟು? ಮಾರ್ಗಶಿರ ಮುಗಿಯುವ ವೇಳೆಗೆ ಸೆಳವು ತಗ್ಗಿ, ನೀರು ತಿಳಿಯಾಗಿ, ಬಂಡೆಗಳು ತಲೆಯೆತ್ತಿರುತ್ತವೆ. ತೆಪ್ಪ ತೇಲುವಷ್ಟು ಮಡುವೂ ಉಳಿದಿರುತ್ತದೆ. ಇಲ್ಲಿ ಪಂಚಾಂಗ ಒಪ್ಪಿದರೆ ಸಾಲದು, ಹೊಳೆಯೂ ಒಪ್ಪಬೇಕು.

ತೀರ್ಥಹಳ್ಳಿಗೂ ಆಚೆ ದಡದ ಕುರುವಳ್ಳಿಗೂ ನಡುವೆ ಕಮಾನು ಸೇತುವೆ ಬಂದದ್ದು 1943ರಲ್ಲಿ. ಅದಕ್ಕೆ ಮುಂಚೆ ದಾಟಿಸುವವನು ಅಂಬಿಗ. ಅಡಕೆ ಮೂಟೆ, ಮದುವೆಯ ದಿಬ್ಬಣ, ಬಾಣಂತಿ, ಶಿವಮೊಗ್ಗೆಗೆ ವ್ಯಾಜ್ಯಕ್ಕೆ ಹೊರಟವರು ಎಲ್ಲರೂ ಅವನ ಕೈಯಲ್ಲಿ. “ಎಲ್ಲರೂ ಹತ್ತುವ ದೋಣಿಯನ್ನು ಸ್ವಾಮಿಯೂ ವರ್ಷಕ್ಕೊಮ್ಮೆ ಹತ್ತುತ್ತಾನೆ, ಅಷ್ಟೇ ಮಾರಾಯ” ಎನ್ನುತ್ತಿದ್ದರು ಅಜ್ಜ. ಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ. ನನಗಂತೂ ಇದಕ್ಕಿಂತ ನಂಬತಕ್ಕ ವಿವರಣೆ ದೊರೆತಿಲ್ಲ. ಸೇತುವೆ ಬಂದ ಮೇಲೆ ನಾವು ನಡೆದು ದಾಟಿದೆವು. ದೋಣಿ ದೇವರ ಪಾಲಿಗೆ ಉಳಿಯಿತು. ಈ ತಾಲ್ಲೂಕಿನವರೇ ಆದ ಕುವೆಂಪು 1980ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ‘ನೆನಪಿನ ದೋಣಿಯಲ್ಲಿ’ ಎಂದು ಹೆಸರಿಟ್ಟದ್ದು ಆಗಾಗ ನೆನಪಾಗುತ್ತದೆ.

ಹುಡುಗನಾಗಿದ್ದಾಗ ಸೇತುವೆಯ ಮೇಲಿನಿಂದ ನೋಡೋಣವೆಂದು ಹಟ ಹಿಡಿದಿದ್ದೆ. “ಸ್ವಾಮಿ ಕೆಳಗೆ, ನಾವು ಮೇಲೆಯೋ? ಇಳಿ” ಎಂದು ಅಜ್ಜ ಕೈಹಿಡಿದು ಮರಳಿಗೆ ಕರೆದೊಯ್ದರು. ಮೇಲಿನಿಂದ ತೆಪ್ಪ ತೇಲುವ ದೀಪದ ಗೂಡಿನಂತೆ ಕಾಣುತ್ತದೆ. ಮರಳಲ್ಲಿ ನಿಂತವನಿಗೆ ಗಳ ಬಂಡೆಗೆ ತಾಗುವ ಸದ್ದು, ಅಂಬಿಗರ ಏದುಸಿರು, ವಾದ್ಯ ನಿಂತಾಗ ಹಲಗೆಯ ಕೆಳಗೆ ನೀರು ಲೊಚಗುಟ್ಟುವುದು, ಎಲ್ಲವೂ ಕೇಳುತ್ತದೆ. ಬಾಣಬಿರುಸುಗಳ ಬೆಳಕಿನಲ್ಲಿ ಜನ ರಾಮೇಶ್ವರನಿಗೆ ಕೈಮುಗಿಯುತ್ತಿದ್ದರೆ ಅಜ್ಜ ಮಾತ್ರ ಕಣ್ಣು ಕಿರಿದು ಮಾಡಿ ತೆಪ್ಪದ ಹಿಂಬದಿಯನ್ನೇ ದಿಟ್ಟಿಸುತ್ತಿದ್ದರು. “ಗಳ ಹಿಡಿದವನು ಯಾರ ಮಗನೋ?” ಎಂದು ಪಕ್ಕದವರನ್ನು ಕೇಳಿದರು. ಅವರು ತಂದೆಯ ಹೆಸರು ಹೇಳಿದರು. ಅಜ್ಜ ಸಮಾಧಾನದಿಂದ ತಲೆದೂಗಿ, ಆಮೇಲೆ ದೇವರಿಗೆ ಕೈಮುಗಿದರು.

ಈಚೆಗೆ ಹೋದಾಗ ಸೇತುವೆಯ ಉದ್ದಕ್ಕೂ ಜನ ಕಿಕ್ಕಿರಿದಿದ್ದರು. ನಾನು ಮರಳಿಗಿಳಿದೆ. ತೆಪ್ಪ ಹತ್ತಿರ ಬಂದಾಗ ಅಜ್ಜನ ಪ್ರಶ್ನೆಯನ್ನೇ ಪಕ್ಕದ ಹುಡುಗನಿಗೆ ಕೇಳಿದೆ. ಅವನು ಒಮ್ಮೆ ನನ್ನನ್ನೂ ಒಮ್ಮೆ ತೆಪ್ಪವನ್ನೂ ನೋಡಿ, “ಗೊತ್ತಿಲ್ಲ ಸಾರ್” ಎಂದ.