ಬೆಂಗಳೂರಿನಲ್ಲಿ ಜೀವರಸಾಯನ ವಿದ್ಯೆಯೂ ಒಬ್ಬ ವಿದ್ಯಾರ್ಥಿನಿಯ ನಿಷ್ಠೆಯೂ

ಉಂಡ ಅನ್ನವು ರಸವಾಗಿ, ರಕ್ತವಾಗಿ, ಮಾಂಸವಾಗಿ ಪರಿಣಮಿಸುವ ಬಗೆಯನ್ನು ನಮ್ಮ ಆಯುರ್ವೇದಾಚಾರ್ಯರು ಜಠರಾಗ್ನಿ ಮತ್ತು ಸಪ್ತಧಾತುಗಳ ಮೂಲಕ ವಿವರಿಸಿದರು. ಆ ಪರಿಣಾಮವನ್ನೇ ಪ್ರಯೋಗಶಾಲೆಯಲ್ಲಿ ತೂಗಿ, ಅಳೆದು, ಪರೀಕ್ಷಿಸಿ ತಿಳಿಯುವ ಆಧುನಿಕ ವಿದ್ಯೆಗೆ ಜೀವರಸಾಯನಶಾಸ್ತ್ರವೆಂದು ಹೆಸರು. ಇಂದು ರಾಜಾಜಿನಗರದ ಇ.ಎಸ್.ಐ. ವೈದ್ಯಕೀಯ ಕಾಲೇಜಿನಲ್ಲಿಯೂ ಕೆಂಗೇರಿಯ ಆಚೆಯ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜಿನಲ್ಲಿಯೂ ಸೇರಿದ ತರುಣ ತರುಣಿಯರು ಮೊದಲನೆಯ ವರ್ಷದಲ್ಲಿಯೇ ಇದನ್ನು ವ್ಯಾಸಂಗಮಾಡುವರು. ಸಿಹಿಮೂತ್ರರೋಗದಲ್ಲಿ ರಕ್ತದ ಸಕ್ಕರೆಯು ಏರುವುದೇಕೆ, ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೇಕೆ ಎಂಬುದನ್ನು ಈ ಶಾಸ್ತ್ರವಿಲ್ಲದೆ ವೈದ್ಯನು ಅರಿಯಲಾರನು. ಆದರೆ ಈ ವಿದ್ಯೆಯ ಬಾಗಿಲು ನಮ್ಮ ನಗರದಲ್ಲಿ ಸ್ತ್ರೀಯರಿಗೆ ಸುಲಭವಾಗಿ ತೆರೆಯಲಿಲ್ಲವೆಂಬುದು ಸ್ಮರಣೀಯವಾದ ಸಂಗತಿ.

ಜಮ್‌ಷೇಟ್‌ಜಿ ಟಾಟಾರವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನದ ಭೂದಾನದಿಂದಲೂ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಯಿತು. ಅಲ್ಲಿ 1921ರಲ್ಲಿಯೇ ಜೀವರಸಾಯನ ವಿಭಾಗವು ಏರ್ಪಟ್ಟಿದ್ದಿತು. ರಾಜಾಜಿನಗರವು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ, 1933ರಲ್ಲಿ, ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆಯಾದ ಕಮಲಾ ಭಾಗವತ್ ಎಂಬ ತರುಣಿಯು ಪ್ರವೇಶವನ್ನು ಬೇಡಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಓದಿದ್ದವರು. ಆದರೂ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್‌ರವರು ಸ್ತ್ರೀಯೆಂಬ ಕಾರಣದಿಂದ ನಿರಾಕರಿಸಿದರು. ಕಮಲಾ ಹಿಂದಿರುಗದೆ ಸತ್ಯಾಗ್ರಹವನ್ನು ಹೂಡಿದರು. ಕಡೆಗೆ ಕಠಿನವಾದ ನಿಬಂಧನೆಗಳೊಡನೆ, ಒಂದು ವರ್ಷದ ಪರೀಕ್ಷಾವಧಿಗೆ ಮಾತ್ರ ಪ್ರವೇಶವು ದೊರಕಿತು.

ಗುರುಗಳಾದ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಆಕೆ ಹಾಲು ಮತ್ತು ದ್ವಿದಳ ಧಾನ್ಯಗಳ ಸಸಾರಜನಕಗಳನ್ನು ಪರಿಶೋಧಿಸಿದರು. ಮಾಂಸವನ್ನು ಮುಟ್ಟದವರಿಗೂ, ಕೊಳ್ಳಲಾರದ ಬಡವರಿಗೂ ಬೇಳೆಯೇ ದೇಹಪುಷ್ಟಿಗೆ ಆಧಾರವಾದುದರಿಂದ ಈ ವಿಷಯವು ಲೋಕೋಪಕಾರಿಯಾದುದು. ಆಕೆಯ ಶ್ರದ್ಧೆಯನ್ನು ಕಂಡು ರಾಮನ್‌ರವರು ಮನಸ್ಸನ್ನು ಬದಲಿಸಿದರು. ಅನಂತರ ಇತರ ಸ್ತ್ರೀಯರಿಗೂ ಪ್ರವೇಶವು ಲಭಿಸಿತು. ಹಿರಿಯರು ತಮ್ಮ ನಿರ್ಣಯವನ್ನು ತಿದ್ದಿಕೊಂಡುದು ಅವರ ಹಿರಿಮೆಗೂ ಸಾಕ್ಷಿಯೇ ಸರಿ.

ಮುಂದೆ ಕಮಲಾರವರು ಕೇಂಬ್ರಿಜ್ಜಿನಲ್ಲಿ ಸಸ್ಯಗಳಲ್ಲಿರುವ ಸೈಟೋಕ್ರೋಮ್-ಸಿ ಎಂಬ ದ್ರವ್ಯವನ್ನು ಕುರಿತು ಪ್ರಬಂಧವನ್ನು ರಚಿಸಿ, 1939ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಸ್ವದೇಶಕ್ಕೆ ಬಂದು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗವನ್ನು ನಡೆಯಿಸಿದರು. ವಿವಾಹಾನಂತರ ಕಮಲಾ ಸೊಹೋನಿ ಎಂದು ಪ್ರಸಿದ್ಧರಾಗಿ, ನೀರಾ ಪಾನೀಯದ ಪೋಷಕಗುಣಗಳನ್ನು ಶೋಧಿಸಿ ರಾಷ್ಟ್ರಪತಿಗಳ ಪುರಸ್ಕಾರಕ್ಕೆ ಪಾತ್ರರಾದರು. 1998ರಲ್ಲಿ ದಿವಂಗತರಾದರು.

ವಿದ್ಯೆಗೆ ಅಧಿಕಾರಿ ಯಾರೆಂಬ ಪ್ರಶ್ನೆಯು ಶಾಸ್ತ್ರಗಳಷ್ಟೇ ಹಳೆಯದು. ಶ್ರದ್ಧೆಯೇ ಅಧಿಕಾರವೆಂಬ ಉತ್ತರವನ್ನು ಈ ತರುಣಿಯು ವಾದದಿಂದಲ್ಲ, ದುಡಿಮೆಯಿಂದ ಕೊಟ್ಟರು. ಇಂದು ಪುಸ್ತಕದ ಹೊರೆಯನ್ನು ಹೊತ್ತು ವೈದ್ಯಕೀಯ ಕಾಲೇಜಿನ ಮೆಟ್ಟಿಲೇರುವ ನಮ್ಮ ಮನೆಗಳ ಹೆಣ್ಣುಮಕ್ಕಳು, ಆ ಮೆಟ್ಟಿಲನ್ನು ತಮಗೆ ಸುಗಮಗೊಳಿಸಿದವರನ್ನು ಮರೆಯದಿರಲಿ.